ಸಭೆಗೆ ಮುಂಚಿನ ನಡಾವಳಿ

ಹೊಲಿಗೆಯಲ್ಲಿ ಎಷ್ಟು ಅಚ್ಚುಕಟ್ಟೋ ಊರಿನ ಕೆಲಸಗಾರರ ಸಂಘಟನೆಯ ಪುಸ್ತಕದಲ್ಲೂ ದರ್ಜಿ ಅಷ್ಟೇ ಅಚ್ಚುಕಟ್ಟು. ಹತ್ತೊಂಬತ್ತು ವರ್ಷಗಳಿಂದ ಸಭೆಯ ನಡಾವಳಿ ಬರೆಯುವವನು ಅವನೇ. ಬರೆಯುವುದಾದರೂ ಯಾವಾಗ? ಸಭೆಗೆ ಎರಡು ದಿನ ಮೊದಲು! ಕಾರ್ಯದರ್ಶಿ ಚೀಟಿ ಕಳಿಸುತ್ತಾನೆ. ಯಾರು ಸೂಚಿಸಿದರು, ಯಾರು ಅನುಮೋದಿಸಿದರು ಎಲ್ಲ ಅದರಲ್ಲಿರುತ್ತದೆ. ಇವನು ದುಂಡಗಿನ ಅಕ್ಷರದಲ್ಲಿ ಇಳಿಸುತ್ತಾನೆ. ಸಭೆಯಲ್ಲಿ ಓದುತ್ತಾರೆ, ಎಲ್ಲರೂ ಕೈ ಎತ್ತುತ್ತಾರೆ, ಚಹಾ ಬರುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವುದು ದರ್ಜಿಗೆ ತಪ್ಪೆನಿಸುವುದುಂಟೇ? ಸಮಯ ಉಳಿಯಿತು ಎಂದುಕೊಂಡಿದ್ದ ಪುಣ್ಯಾತ್ಮ.

ಈ ಸಲದ ಚೀಟಿ ಓದಿ ಕತ್ತರಿ ಕೆಳಗಿಟ್ಟ. ಅವನ ಭಾವನನ್ನು, ಸ್ವಂತ ಅಕ್ಕನ ಗಂಡನನ್ನು, ಸಂಘಟನೆಯಿಂದ ತೆಗೆದುಹಾಕುವ ನಿರ್ಣಯ. ಸೂಚಿಸಿದವರು ಕಾರ್ಯದರ್ಶಿ. ಅನುಮೋದಿಸಿದವರು ದರ್ಜಿ.

"ನಾನ್ಯಾವಾಗ ಅನುಮೋದಿಸ್ದೆ?" ಎಂದು ಹೋಗಿ ಕೇಳಿದ.

"ನಾಡಿದ್ದು," ಎಂದ ಕಾರ್ಯದರ್ಶಿ. "ನಮ್ಮ ಮುಖಂಡರು ಗಿರಣಿ ಮಾಲೀಕನ ಮನೆಗೆ ಯಾಕೆ ಹೋಗಿದ್ರು ಅಂತ ನಿಮ್ಮ ಭಾವ ಎಲ್ಲರೆದುರು ಕೇಳ್ಬಿಟ್ರಲ್ಲ. ಮನೆಯವರೇ ಒಪ್ಪಿದ್ರೆ ಮಾತು ಬೆಳೆಯಲ್ಲ, ನೋಡಿ."

ದರ್ಜಿಯ ತಲೆ ಗೊಂದಲದ ಗೂಡಾಯಿತು. ಗಿರಣಿ ಕೆಲಸಗಾರನಾದ ಆ ಭಾವನೇ ಇವನನ್ನು ಕೈಹಿಡಿದು ಸಂಘಟನೆಗೆ ಕರೆತಂದವನು. ಭಾವ ಕೇಳಿದ್ದು ತಪ್ಪೇ? ಅಲ್ಲ. ಹಾಗಾದರೆ ಸಂಘಟನೆಯದು ತಪ್ಪೇ? ಅದು ತಪ್ಪಾದರೆ ಹತ್ತೊಂಬತ್ತು ವರ್ಷ ತಾನು ಬರೆದದ್ದೆಲ್ಲ ಏನು? ಬರೆಯಬಾರದು ಎಂದುಕೊಳ್ಳುತ್ತಲೇ ಬರೆದು ಮುಗಿಸಿದ. ಕೈ ಮಾತ್ರ ಎತ್ತುವುದಿಲ್ಲವೆಂದು ಪಣ ತೊಟ್ಟ. ಭಾವನಿಗೆ ಮೊದಲೇ ಹೇಳಿಬಿಡೋಣವೆಂದು ಎರಡು ಸಲ ಅವರ ಬಾಗಿಲವರೆಗೂ ಹೋಗಿ ವಾಪಸಾದ.

ಸಭೆಯಲ್ಲಿ ಬಲಗೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕುಳಿತ. ಕಾರ್ಯದರ್ಶಿ ನಿರ್ಣಯ ಓದಿದ, ಅನುಮೋದಿಸಿದವನ ಹೆಸರನ್ನು ಒತ್ತಿ ಓದಿದ. ಕೈಗಳು ಎದ್ದವು. ನೋಡಿದರೆ ಎದುರು ಬೆಂಚಿನಲ್ಲಿ ಭಾವನ ಕೈಯೂ ಎದ್ದಿದೆ! ಭಾವ ಎತ್ತಿದರೆ ತಾನೂ ಎತ್ತುವುದು ದರ್ಜಿಗೆ ಮೊದಲಿನಿಂದ ಬಂದ ಅಭ್ಯಾಸ. ತೊಡೆಯ ಕೆಳಗಿದ್ದ ಕೈ ಯಾವಾಗ ಮೇಲಕ್ಕೆ ಹೋಯಿತೋ ಅವನಿಗೇ ತಿಳಿಯಲಿಲ್ಲ. ಸರ್ವಾನುಮತ ಎಂದು ಪುಸ್ತಕದಲ್ಲಿ ಆಗಲೇ ಇತ್ತು.

ಇಬ್ಬರೂ ಭಾವನ ಮನೆಗೆ ಬಂದರು. ಸುದ್ದಿ ಕೇಳಿದ ಅಕ್ಕ ಗಂಡನ ಮೇಲೆ ಹರಿಹಾಯ್ದಳು.

"ನಿಮ್ಮನ್ನ ತೆಗೆಯೋಕೆ ನೀವೇ ಕೈ ಎತ್ತಿದ್ರಾ? ಬುದ್ಧಿ ಎಲ್ಲಿಟ್ಟಿದ್ರಿ?"

ಭಾವ ನಿಧಾನವಾಗಿ ಚಪ್ಪಲಿ ಬಿಟ್ಟ. "ನಿನ್ನ ತಮ್ಮ ಅನುಮೋದಿಸಿದಾನೆ ಅಂತ ಓದಿದ್ರು ಕಣೇ. ಅವನೇ ಒಪ್ಪಿದಾನೆ ಅಂದ್ರೆ ನಂದೇ ಏನೋ ತಪ್ಪಿರ್ಬೇಕು ಅಂದ್ಕೊಂಡೆ."

ಅಕ್ಕ ತಮ್ಮನ ಕಡೆ ತಿರುಗಿದಳು. "ಏನೋ ಅದು ತಪ್ಪು? ನೀನಾದ್ರೂ ಹೇಳೋ."

ದರ್ಜಿ ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಹೊಸ್ತಿಲಲ್ಲೇ ನಿಂತಿದ್ದ.

"ಗೊತ್ತಿಲ್ಲ ಅಕ್ಕಾ," ಎಂದ. "ಕಳಿಸಿದ್ರು, ಬರೆದೆ."