ಮೇಷ್ಟ್ರು ಆರಿಸಿಕೊಂಡ ಗಾಯ

ಕರ್ಕಿಯ ನಮ್ಮ ಪಕ್ಕದ ಮನೆಯ ಮೇಷ್ಟ್ರು ಮಕ್ಕಳಿಗೆ ಯಕ್ಷಗಾನದ ಕುಣಿತ ಕಲಿಸುತ್ತಿದ್ದರು. ಯಾರಾದರೂ ಹೆಜ್ಜೆ ತಪ್ಪಿದರೆ, "ಅಡ್ಡಿಲ್ಲೆ, ಮತ್ತೊಂದ್ಸಲ" ಎಂದು ತಾವೇ ಕುಣಿದು ತೋರಿಸುವರು. ಅವರ ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ ಕಂಡಾಗ ಮಂಗಳೂರಿನ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ.

"ಸಣ್ಣ ತೂತು ಹಾಕಿ ಕ್ಯಾಮೆರಾದಲ್ಲಿ ನೋಡಿ ತೆಗೆದರೆ ನೀವು ಬೇಗ ಕುಣಿಯಬಹುದು. ಹೊಟ್ಟೆ ತೆರೆದರೆ ಗಾಯ ದೊಡ್ಡದು, ಆರುವುದೂ ತಡ. ಆದರೆ ಗಡ್ಡೆ ದೊಡ್ಡ ರಕ್ತನಾಳದ ಪಕ್ಕದಲ್ಲೇ ಇದೆ; ರಕ್ತ ಚಿಮ್ಮಿದರೆ ಸಣ್ಣ ತೂತಿನಿಂದ ತಡೆಯುವುದು ಕಷ್ಟ" ಎಂದರು ಡಾಕ್ಟರಮ್ಮ.

"ನಿಮ್ಮ ಕೈಗೆ ಯಾವುದು ಧೈರ್ಯ?" ಎಂದು ಮೇಷ್ಟ್ರು ಕೇಳಿದರು.

ಡಾಕ್ಟರಮ್ಮ, "ತೆರೆದು ಮಾಡುವುದು" ಎಂದರು.

"ಆತು, ಹಾಂಗೇ ಮಾಡಿ. ಕುಣಿಯೂದು ತಡ ಆದ್ರೆ ಅಡ್ಡಿಲ್ಲೆ."

ಗಡ್ಡೆ ಪೂರ್ತಿ ಹೊರಬಂತು. ಆ ಮಳೆಗಾಲವಿಡೀ ಮೇಷ್ಟ್ರು ಹೊಟ್ಟೆಗೆ ದಿಂಬು ಒತ್ತಿಕೊಂಡು ಕುರ್ಚಿಯಲ್ಲಿ ಕುಳಿತಿರುತ್ತಿದ್ದರು. ಮಕ್ಕಳು ಸುತ್ತ ನಿಂತಾಗ, ಮೇಜಿನ ಮೇಲೆ ಎರಡು ಬೆರಳುಗಳನ್ನು ಕುಣಿಸಿ ಹೆಜ್ಜೆ ತೋರಿಸುತ್ತಿದ್ದರು.