ಹುಳಕ್ಕಿದ್ದ ನಿದ್ದೆ ನನಗಿರಲಿಲ್ಲ

ರೇಷ್ಮೆ ಸಾಕುವ ಮನೆಯಲ್ಲಿ ಹುಳಕ್ಕಿರುವ ಮರ್ಯಾದೆ ಸೊಸೆಗಿಲ್ಲ. ಸುಗಟೂರಿನ ನಮ್ಮ ಮನೆಯಲ್ಲಂತೂ ಇಲ್ಲವೇ ಇಲ್ಲ. ಹುಳ ಜ್ವರಕ್ಕೆ ಕೂತಿತೆಂದರೆ, ಅಂದರೆ ಪೊರೆ ಬಿಡಲು ಸೊಪ್ಪು ಮುಟ್ಟದೆ ಸುಮ್ಮನಾಯಿತೆಂದರೆ, ಅತ್ತೆ ಬಾಗಿಲು ಮುಚ್ಚಿಸಿ, "ಸದ್ದು ಮಾಡ್ಬೇಡ್ರೋ, ಮಲಗವೆ" ಎಂದು ಎಲ್ಲರನ್ನೂ ಗದರುತ್ತಿದ್ದರು. ನಾನು ಊಟವಾದ ಮೇಲೆ ಚಾಪೆಗೆ ತಲೆ ಕೊಟ್ಟರೆ ಮಾತ್ರ, ಕಣ್ಣು ಹತ್ತುವಷ್ಟರಲ್ಲಿ ಕಾಲು ಹಿಡಿದು ಅಲ್ಲಾಡಿಸುವುದು. "ಏಳೇ, ಸೊಪ್ಪು ಹಾಕೋ ಹೊತ್ತಾಯ್ತು." ನನ್ನನ್ನು ಎಬ್ಬಿಸಿ ತಾವು ಅದೇ ಚಾಪೆಯ ಮೇಲೆ ಉರುಳಿ ಗೊರಕೆ ಹೊಡೆಯುತ್ತಿದ್ದರು. ಆ ಗೊರಕೆ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಅರ್ಧಕ್ಕೆ ಕೆಟ್ಟ ಆ ನಿದ್ದೆಯೇ ತಲೆಗೆ ಏರುತ್ತಿತ್ತು. ಮೂರು ಗಂಟೆಯ ಹೊತ್ತಿಗೆ ಕಣತಲೆ ಸಿಡಿಯುವುದು, ಬಗ್ಗಿದರೆ ಕಣ್ಣು ಕತ್ತಲೆ. ಕಾಫಿ ಕುಡಿದೆ, ಒಣಶುಂಠಿ ತೇಯ್ದು ಪಟ್ಟು ಹಾಕಿದೆ, ಕನ್ನಡಕವನ್ನೂ ಹಾಕಿಸಿದ್ದಾಯಿತು. ಕೊನೆಗೆ ಕೋಲಾರದ ಡಾಕ್ಟರಮ್ಮ, "ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಡಿಸ್ಕೋಬೇಡಿ. ಮಧ್ಯಾಹ್ನ ಅರ್ಧ ಗಂಟೆ ಯಾರೂ ಎಬ್ಬಿಸದ ಹಾಗೆ ಮಲಗಿ" ಎಂದರು. ಮನೆಯಲ್ಲಿ ಹೇಳಿದೆ. ಅತ್ತೆ ನಕ್ಕರು. "ಮಹಾರಾಣಿಗೆ ನಿದ್ದೆ ಮಾಡಕ್ಕೂ ಡಾಕ್ಟರ್ ಹೇಳ್ಬೇಕು!" ವೇಮಗಲ್ ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದಿದ್ದ ಗಂಡ ಟವೆಲ್ಲು ಹೆಗಲಿಗೇರಿಸಿ ಬಚ್ಚಲಿಗೆ ನಡೆದ.

ಒಂದು ಮಧ್ಯಾಹ್ನ ನೋವು ತಡೆಯಲಾರದೆ ಹಣೆಗೆ ಮುಲಾಮು ಬಳಿದುಕೊಂಡು, ಸೊಪ್ಪಿನ ಹೊರೆ ಹೊತ್ತು ಹುಳದ ಮನೆಯ ಕಡೆ ಹೊರಟೆ. ಚಾಪೆಯ ಮೇಲಿದ್ದ ಅತ್ತೆಯ ಮೂಗಿಗೆ ಘಾಟು ಹೊಡೆಯಿತು. ಹೌಹಾರಿ ಎದ್ದರು. ಅಂಥ ವಾಸನೆ ಹುಳಕ್ಕೆ ಆಗುವುದಿಲ್ಲ. ಮುಳಬಾಗಿಲ ಕಡೆಯವರು, ಸಿಟ್ಟು ಬಂದರೆ ಬಾಯಿಗೆ ತೆಲುಗೇ ಬರುವುದು. "ಬಯಟಿಕಿ ಪೋವೇ, ಬಯಟಿಕಿ!" ಎಂದು ನನ್ನನ್ನು ಬಾಗಿಲಿನಿಂದಾಚೆಗೆ ದಬ್ಬಿ, ಹೊರೆ ಕಿತ್ತುಕೊಂಡು ಸೊಪ್ಪು ತಾವೇ ಹಾಕಿದರು. ನಾನು ಹಾಲು ಕರೆಯುವ ಹೊತ್ತಿನವರೆಗೂ ಮಲಗಿದೆ. ಎದ್ದಾಗ ತಲೆ ಹಗುರವಾಗಿತ್ತು.

ಅಯ್ಯೋ, ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ! ಅಂದಿನಿಂದ ಊಟ ಮುಗಿದೊಡನೆ, ನೋವಿರಲಿ ಬಿಡಲಿ, ಹಣೆಗೆ ಮುಲಾಮು. ಅತ್ತೆ ಹಲ್ಲು ಕಡಿಯುತ್ತಾ ಸೊಪ್ಪು ಹಾಕುತ್ತಿದ್ದರು, ನಾನು ಕಣ್ತುಂಬ ನಿದ್ದೆ ಮಾಡುತ್ತಿದ್ದೆ. ಸಂಜೆ ಮುಖ ತಿಕ್ಕಿ ತೊಳೆದು ಮುಂದಿನ ಸೊಪ್ಪು ನಾನೇ ಹಾಕುತ್ತಿದ್ದೆ. ತಲೆನೋವು ಮತ್ತೆ ಸುಳಿಯಲಿಲ್ಲ.

ಹುಳ ಹಣ್ಣಾಗಿ ಗೂಡು ಕಟ್ಟುವ ಮುಂಚೆ ಒಂದು ಮಧ್ಯಾಹ್ನ ಅತ್ತೆ ಹುಳದ ಮನೆಯಿಂದ ತಲೆ ಹಿಡಿದುಕೊಂಡು ಬಂದು ನನ್ನ ಚಾಪೆಯ ಪಕ್ಕದಲ್ಲಿ ಕುಕ್ಕರಿಸಿದರು.

"ತಲೆ ಒಡೀತಾ ಅದೆ ಕಣೇ. ಆ ಮುಲಾಮು ಡಬ್ಬಿ ಕೊಡು ಇಲ್ಲಿ."

ಡಬ್ಬಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಆ ಕಡೆ ಮಗ್ಗುಲಾದೆ.

"ಬೇಡ ಅತ್ತೆ, ಹುಳಕ್ಕಾಗಲ್ಲ. ಸದ್ದು ಮಾಡ್ಬೇಡಿ, ಮಲಗಿದೀನಿ."