ಬೆಲ್ಮಿರೊ ಬೋಳಿಸಿದ ತಲೆಗಳು

ನಮ್ಮೂರ ಗುಡ್ಡದ ಮೇಲೆ ಹುಚ್ಚಾಸ್ಪತ್ರೆ ಇದ್ದ ಕಾಲಕ್ಕೆ ಅರ್ಧ ಊರು ಅಲ್ಲೇ ಕೆಲಸಕ್ಕಿತ್ತು. ಅಲ್ಲಿಗೆ ಬ್ರೆಡ್ಡು ಒಯ್ಯುತ್ತಿದ್ದವನು ನಾನು. ತಲೆ ಬೋಳಿಸುತ್ತಿದ್ದವನು ಪಕ್ಕದ ಕ್ಷೌರದಂಗಡಿಯ ಬೆಲ್ಮಿರೊ. ಹೇನಾಗಬಾರದೆಂದು ಶನಿವಾರ ಶನಿವಾರ ಗಂಡಸು ಹೆಂಗಸೆನ್ನದೆ ಎಲ್ಲರಿಗೂ ಬೋಳು. ಗಂಟೆಗೆ ನಲವತ್ತು ತಲೆ ಎಂದು ಅವನು ಜಂಬ ಕೊಚ್ಚುತ್ತಿದ್ದ, ನಾವು ಭೇಷ್ ಎನ್ನುತ್ತಿದ್ದೆವು. ನಮ್ಮ ಬಾಯಿಗಿಷ್ಟು ಮಣ್ಣು ಹಾಕ.

ಹಾಗೆಂದು ಅವನು ಕೆಟ್ಟವನಲ್ಲ. ಅಂಗಡಿಗೆ ಬಂದವನ ಹೆಂಡತಿಯ ಮಂಡಿನೋವು ವಿಚಾರಿಸದೆ ಕತ್ತರಿ ಹಿಡಿದವನೇ ಅಲ್ಲ.

ಆಸ್ಪತ್ರೆ ಮುಚ್ಚಿ ಎಷ್ಟೋ ವರ್ಷಗಳಾದ ಮೇಲೆ, ನಮ್ಮ ದೇಶಕ್ಕೆ ಚಳಿಗಾಲವಾದ ಹೋದ ಜುಲೈನಲ್ಲಿ, ರಾಜಧಾನಿಯಿಂದ ಅಲ್ಲಿನ ರೋಗಿಗಳ ಪಾಡಿನ ವಿಚಾರಣೆಗೆಂದು ಒಬ್ಬ ಹೆಂಗಸು ಬಂದಳು. ಅಡುಗೆಯವನು, ಕಾವಲಿನವನು, ನಾನು, ಎಲ್ಲರೂ ಏನೂ ನೋಡಿಲ್ಲವೆಂದು ಕೈ ತೊಳೆದುಕೊಂಡೆವು. ಬೆಲ್ಮಿರೊಗೂ ಹೇಳಿದೆ.

"ಈ ವಯಸ್ಸಲ್ಲಿ ಮರ್ಯಾದೆ ಕಳ್ಕೋಬೇಡ ಮಾರಾಯ. ನೋಡಿಲ್ಲ ಅಂದ್ಬಿಡು."

ಆಕೆ ಅವನ ಅಂಗಡಿಗೆ ಬಂದಾಗ ನಾನೂ ಅಲ್ಲೇ ಕೂತಿದ್ದೆ. ಬೆಲ್ಮಿರೊ ಆಕೆಗೆ ಕಾಫಿ ಬಗ್ಗಿಸಿಕೊಟ್ಟು ಎದುರು ಕೂತ.

"ಅಲ್ಲಿ ಅಮಾನವೀಕರಣ ನಡೀತಿತ್ತಾ, ಬೆಲ್ಮಿರೊ ಅವ್ರೇ?"

"ಹಂಗಂದ್ರೇನಮ್ಮಾ?"

"ಮನುಷ್ಯರನ್ನ ಮನುಷ್ಯರೇ ಅಲ್ಲ ಅನ್ನೋ ಹಾಗೆ ನಡೆಸ್ಕೊಳ್ಳೋದು. ಹೊಡಿಯೋದು, ಕೂಡಿ ಹಾಕೋದು..."

"ನಾನು ಯಾರಿಗೂ ಹೊಡ್ದಿಲ್ಲ."

ಸದ್ಯ ಬಚಾವಾದ ಎಂದುಕೊಂಡೆ. ಅವನು ಮುಗಿಸಿರಲಿಲ್ಲ.

"ನಮ್ಮ ಚಿಕ್ಕಮ್ಮನ ಮಗಳು ದಿಯೊಲಿಂಡ ಅಂತ. ಒಂದೇ ಮನೇಲಿ ಬೆಳೆದೋರು. ಅವಳಿಗೆ ಜಡೆ ಹಾಕ್ತಿದ್ದೋನೇ ನಾನು. ಗಂಡ ಇನ್ನೊಬ್ಬಳನ್ನ ಕಟ್ಕೊಂಡು ಇವಳನ್ನ ಅಲ್ಲಿ ಸೇರಿಸ್ದ. ನಮಗೆ ಮಾತ್ರ ರಿಯೋಗೆ ಹೋದ್ಲು ಅಂದ. ಆರು ವರ್ಷ ನಾನೇ ಅವಳ ತಲೆ ಬೋಳ್ಸಿದೀನಮ್ಮಾ. ಗುರ್ತೇ ಸಿಗ್ಲಿಲ್ಲ. ಯಾರ್ದಾದ್ರೂ ಮುಖ ನೋಡಿದ್ರೆ ತಾನೆ?"

ಈ ಸುದ್ದಿ ನನಗೂ ಗೊತ್ತಿರಲಿಲ್ಲ; ದಿಯೊಲಿಂಡ ರಿಯೋದಿಂದ ವಾಪಸ್ಸು ಬಂದವಳೆಂದೇ ತಿಳಿದಿದ್ದೆ. ಕೂತಲ್ಲೇ ನನಗೆ ನಾಚಿಕೆಯಾಯಿತು.

"ಆಮೇಲೆ ಹೇಗೆ ಗೊತ್ತಾಯ್ತು?" ಎಂದು ಆಕೆ ಕೇಳಿದಳು.

"ಆಸ್ಪತ್ರೆ ಮುಚ್ಚೋ ದಿನ ಅಂಗಳದಲ್ಲಿ ಎಲ್ರ ಹೆಸರು ಕೂಗಿದ್ರು. ಮನೆಗೆ ಕರ್ಕೊಂಡು ಬಂದೆ. ಒಂದ್ಸಲ ಆದ್ರೂ ನನ್ನ ಕರೀಬಾರ್ದಿತ್ತೇನೇ ಅಂತ ಬೈದೆ ಕೂಡ."

"ಏನಂದ್ರು?"

ಬೆಲ್ಮಿರೊ ಮೇಜಿನ ಮೇಲೆ ಕೈ ಮಡಚಿಟ್ಟುಕೊಂಡ.

"'ಮೊದಲ್ನೇ ಶನಿವಾರಾನೇ ಕರ್ದೆ ಅಣ್ಣಾ. ನೀನು ತಲೆ ಬಗ್ಸು ಅಂದೆ' ಅಂದ್ಲು. ಇದನ್ನ ಬರ್ಕೊಳ್ಳಿ ಅಮ್ಮಾ."